ಆರು ವಾದ್ಯ, ಒಂದು ಮುಚ್ಚಿದ ಪೆಟ್ಟಿಗೆ

ಮನಸ್ಸಿನ ಕಷ್ಟ ಹೇಳಿಕೊಳ್ಳಲು ಬರುವವರ ಮಾತು ಕೇಳುವುದು ನನ್ನ ಕೆಲಸ. ನೀಲಾ ಅವರನ್ನು ನನ್ನ ಹತ್ತಿರ ಕರೆದುಕೊಂಡು ಬಂದದ್ದು ಅವರ ತಂದೆ. (ಹೆಸರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಬರೆದದ್ದನ್ನು ಓದಿ ಎರಡು ಸಾಲು ಹೊಡೆದೂ ಹಾಕಿದ್ದಾರೆ.) ಧಾರವಾಡದ ಮಳೆಗಾಲ. ಕೊಡೆ ಮಡಚುವ ಮೊದಲೇ ತಂದೆ ಶುರು ಮಾಡಿದರು.

"ಮೇಡಂ, ಎಂಟು ತಿಂಗಳದಾಗ ಆರು ವಾದ್ಯ ತಂದಾಳ್ರಿ. ಒಂದೂ ನೆಟ್ಟಗ ಬಾರಿಸಂಗಿಲ್ಲ. ಈಗ ನೋಡಿದ್ರ ಆರನೇದನ್ನ ಕಂತಿನ ಮ್ಯಾಲ ತರ್ಸ್ಯಾಳ. ನಲವತ್ತೈದು ಸಾವಿರ!"

ನೀಲಾ ಗೋಡೆ ನೋಡುತ್ತಾ ಕೂತಿದ್ದರು.

ಅವರಿಗೆ 33 ವರ್ಷ. ವಾರವೆಲ್ಲ ಶಾಲೆಯಲ್ಲಿ ಸಂಗೀತ ಟೀಚರ್. ಶನಿವಾರ, ಭಾನುವಾರ ಹುಬ್ಬಳ್ಳಿ, ಬೆಳಗಾವಿ, ಕೆಲವು ಸಲ ಬೆಂಗಳೂರು ಅಂತ ಸಣ್ಣ ಸಣ್ಣ ವೇದಿಕೆಗಳಲ್ಲಿ ತಮ್ಮದೇ ಹಾಡು ಹಾಡುತ್ತಿದ್ದರು. ಪದ ಅವರದು. ರಾಗ ಹಾಕಿ ಗಿಟಾರ್ ನುಡಿಸುತ್ತಿದ್ದದ್ದು ತಮ್ಮ. ಆರು ವರ್ಷ ಹಾಗೇ ನಡೆದಿತ್ತು. ಆ ತಮ್ಮ 27ನೇ ವಯಸ್ಸಿನಲ್ಲಿ ಬೈಕ್ ಅಪಘಾತದಲ್ಲಿ ತೀರಿಹೋಗಿ ಎಂಟು ತಿಂಗಳಾಗಿತ್ತು. ತಂದೆ ಈ ವಿಷಯ ಹೇಳಿದ್ದು ಕೊನೆಗೆ. ವಾದ್ಯಗಳ ಲೆಕ್ಕ ಎಲ್ಲ ಮುಗಿದು, ಹೊರಗೆ ಹೋಗಲು ಎದ್ದು ನಿಂತಾಗ.

ಮೊದಲ ಭೇಟಿಯಲ್ಲಿ ನಾನು ಎಲ್ಲರನ್ನೂ ಕೇಳುವುದನ್ನೇ ಇವರನ್ನೂ ಕೇಳಿದೆ. ನಿದ್ದೆ ಹೇಗಿದೆ, ಊಟ ಸೇರುತ್ತದೆಯೇ, ಕೆಲಸಕ್ಕೆ ಹೋಗುತ್ತಿದ್ದೀರಾ. ಸಾಯಬೇಕು ಅನ್ನಿಸುತ್ತದೆಯೇ ಎಂದೂ ನೇರವಾಗಿಯೇ ಕೇಳುತ್ತೇನೆ. ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದ ಹಾಗೆ ಅಂತ ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದ್ದಕ್ಕೆ ಹಗುರವಾದವರನ್ನೇ ನಾನು ಜಾಸ್ತಿ ನೋಡಿದ್ದೇನೆ.

"ಸಾಯಬೇಕು ಅನಸಂಗಿಲ್ರಿ," ಎಂದರು ನೀಲಾ. "ಅಂವ ಇಲ್ದ ಹಾಡಬೇಕಲ್ಲ, ಅದು ಆಗಂಗಿಲ್ಲ ಅನಸ್ತದ."

ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಅನ್ನು ಅವರ ಫೋನಿನಲ್ಲಿ ಹಾಕಿಸಿದೆ. ರಾತ್ರಿ ಎರಡಕ್ಕೆ ನಾನು ಫೋನ್ ಎತ್ತದೇ ಇರಬಹುದು, ಅಲ್ಲಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು ಎಂದೆ. ಶಾಲೆಗೆ ಹೋಗುತ್ತಿದ್ದರು, ಊಟ ಮಾಡುತ್ತಿದ್ದರು, ಪಾಠ ಮಾಡುವಾಗ ನಗುತ್ತಲೂ ಇದ್ದರು. ಖಿನ್ನತೆಯ ಲಕ್ಷಣ ಅಷ್ಟಾಗಿ ಕಾಣಲಿಲ್ಲ. ದುಃಖ ದೀರ್ಘವಾಗಿ ಉಳಿದು ಕಾಯಿಲೆಯ ರೂಪ ತಾಳಿದೆಯೇ ಎಂದು ನೋಡಲು ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಆರು ತಿಂಗಳ ಗಡಿ ಹಾಕುತ್ತದೆ. 2022ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಪಟ್ಟಿ ದೊಡ್ಡವರಿಗೆ ಒಂದು ವರ್ಷ ಕೊಡುತ್ತದೆ. ನಮ್ಮ ಮನೆಗಳಲ್ಲಿ ವರ್ಷದ ತಿಥಿ ಮುಗಿಯುವ ತನಕ ಹಬ್ಬ ಮಾಡುವುದಿಲ್ಲ ಅಲ್ವಾ? ನನಗೆ ಆ ಲೆಕ್ಕವೇ ಸರಿ ಕಾಣುತ್ತದೆ. ಕಾದು ನೋಡೋಣ ಎಂದುಕೊಂಡೆ.

ಇಲ್ಲಿಯ ತನಕ ಸರಿ ಇತ್ತು. ಆಮೇಲೆ ಎರಡು ತಪ್ಪು ಮಾಡಿದೆ.

ಒಂದು, ತಂದೆಯ ಲೆಕ್ಕವನ್ನು ನಾನೂ ನಂಬಿದೆ. ಆರು ವಾದ್ಯ ಅಂದ ಕೂಡಲೇ ನನ್ನ ತಲೆಯಲ್ಲಿ 'ದುಃಖ ಮರೆಯಲು ಶಾಪಿಂಗ್' ಅಂತ ಚೀಟಿ ಅಂಟಿಕೊಂಡಿತು. ಒಂದು ತಿಂಗಳು ಯಾವ ವಾದ್ಯವನ್ನೂ ಕೊಳ್ಳಬೇಡಿ, ಇರುವುದನ್ನೆಲ್ಲ ಅಟ್ಟಕ್ಕೆ ಹಾಕಿ ಎಂದುಬಿಟ್ಟೆ. ಇನ್ನೊಂದು, ಹುರುಪು ತುಂಬಲು ಹೋಗಿ ರಾಜೀವ ತಾರಾನಾಥರ ಕಥೆ ಹೇಳಿದೆ. ಅವರು ಮೊದಲು ಹಾಡುಗಾರರು, ಅಲಿ ಅಕ್ಬರ್ ಖಾನರ ಸರೋದ್ ಕೇಳಿ ಆ ವಾದ್ಯಕ್ಕೇ ಹೋದರು, ನೋಡಿ, ವಾದ್ಯ ಬದಲಿಸಿದರೂ ಸಂಗೀತ ಬಿಟ್ಟುಹೋಗಲ್ಲ ಅಂತ.

ನೀಲಾ ಮೊದಲ ಸಲ ನನ್ನ ಮುಖ ನೋಡಿದರು. "ಅವರು ಸರೋದ್ ಕಡೆ ಹೋಗಿದ್ದು ಮನಸ್ಸಾಗಿ, ಮೇಡಂ. ನಾ ಹೊಂಟಿದ್ದು ತಪ್ಪಿಸ್ಕೊಂಡು."

ಮುಂದಿನ ವಾರ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ತಪ್ಪು ನನ್ನದು ಅಂತ ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಫೋನ್ ಮಾಡಿ, "ಅಟ್ಟಕ್ಕೆ ಹಾಕಿ ಅಂದದ್ದು ಅವಸರ ಆಯಿತು. ಆ ವಾದ್ಯಗಳನ್ನು ನಾನೊಮ್ಮೆ ನೋಡಬಹುದಾ?" ಎಂದು ಕೇಳಿದೆ.

ಆಟೋದಲ್ಲಿ ಐದನ್ನು ತಂದರು. ಆರನೆಯದು ಯಾಕೆ ಬರಲಿಲ್ಲ ಎನ್ನುವುದು ಆಮೇಲೆ.

ನಾನು ಸಂಗೀತ ಬಲ್ಲವಳಲ್ಲ. ಶಾಲೆಯಲ್ಲಿ ಪ್ರಾರ್ಥನೆ ಹೇಳಿದ್ದೇ ಕೊನೆ. ಅದಕ್ಕೇ ಸುಮ್ನೆ ಒಂದೊಂದನ್ನೂ ತೋರಿಸಿ ಹೇಳಿ ಎಂದೆ. ಆ ಒಂದು ಗಂಟೆಯಲ್ಲಿ ನಾನು ಕಲಿತದ್ದು ಬಹಳ.

ಮೊದಲು ಕೊಂಡದ್ದು ಯುಕುಲೇಲೆ. ಪುಟ್ಟದು, ನಾಲ್ಕೇ ತಂತಿ. ಗಿಟಾರಿಗಿಂತ ಬೇರೆ ಅಂದುಕೊಂಡು ತಂದರಂತೆ. ಆದರೆ ಗಿಟಾರಿನ ಕೆಳಗಿನ ನಾಲ್ಕು ತಂತಿಗಳನ್ನು ಕುತ್ತಿಗೆಯ ಮೇಲಿನ ಐದನೇ ಮನೆಯಲ್ಲಿ ಒತ್ತಿದರೆ ಯಾವ ಸ್ವರಗಳೋ ಇದರಲ್ಲೂ ಅವೇ ಸ್ವರ. ಹಾಗಾಗಿ ಬೆರಳು ಇಡುವ ಚಿತ್ರವೂ ಅದೇ. ತಮ್ಮ ಕಲಿಸಿದ್ದ ನಾಲ್ಕೈದು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಅವರ ಕೈಗೆ ಗೊತ್ತಿತ್ತು. "ಕೈ ತಾನೇ ಹೋಗಿ ಅಲ್ಲೇ ಕೂತ್ಕೋತು. ಮೂರು ದಿನ ಹಿಡದೆ. ಆಮ್ಯಾಲ ಮುಟ್ಟಲಿಲ್ಲ."

ಆಮೇಲೆ ಕಲಿಂಬಾ. ಅಂಗೈ ಅಗಲದ ಹಲಗೆ, ಹದಿನೇಳು ಉಕ್ಕಿನ ಪಟ್ಟಿ, ಹೆಬ್ಬೆರಳಲ್ಲಿ ಮೀಟುವುದು. ಅಂಗಡಿಯಿಂದ ಬರುವಾಗ ಅದನ್ನು ಶುದ್ಧ ಸ್ವರಗಳಿಗೆ ಮಾತ್ರ ಶ್ರುತಿ ಮಾಡಿರುತ್ತಾರೆ. ಅದರ ಷಡ್ಜಕ್ಕೆ (ಸ) ಕೋಮಲ ಗಾಂಧಾರ (ಅರ್ಧ ಮೆಟ್ಟಿಲು ಇಳಿಸಿದ ಗ) ಬೇಕೆಂದರೆ ಪಟ್ಟಿಯೇ ಇಲ್ಲ. "ಏನು ಬಾರಿಸಿದ್ರೂ ಸಿಹಿನ ಕೇಳಸ್ತದ, ಮೇಡಂ. ಹುಟ್ಟುಹಬ್ಬದ ಕಾರ್ಡ್ ತೆರದಂಗ." ಅದನ್ನು ನನ್ನ ಮೇಜಿನ ಮೇಲೇ ಬಿಟ್ಟು ಹೋದರು. ಈಗ ನನ್ನ ಹತ್ತಿರ ಬರುವ ಮಕ್ಕಳು ಅದರಲ್ಲಿ ಆಡುತ್ತಾರೆ.

ಬಾನ್ಸುರಿ ಜಾಸ್ತಿ ದಿನ ಉಳಿದಿತ್ತು, ಎರಡು ತಿಂಗಳು. ಹೊಸದಾಗಿ ಊದುವವರಿಗೆ ತಲೆ ಸುತ್ತುತ್ತದೆ, ಗಾಳಿ ಬೇಕಾದ್ದಕ್ಕಿಂತ ಹೆಚ್ಚು ಬಿಡುತ್ತಾರೆ. ಇವರಿಗೂ ಸುತ್ತಿತು. ಆದರೂ ಬಿಡಲಿಲ್ಲ. ಯಾಕೆ ಇಷ್ಟ ಆಯಿತು ಎಂದು ಕೇಳಿದೆ. ಕೊಟ್ಟ ಉತ್ತರವನ್ನು ನಾನು ಅವತ್ತೇ ಬರೆದಿಟ್ಟುಕೊಂಡೆ: "ಬಾಯಿ ತುಂಬಿರ್ತದಲ್ರಿ. ಹಾಡು ಅಂತ ಯಾರೂ ಅನ್ನಂಗಿಲ್ಲ."

ಏಕತಾರಿಯನ್ನು ಶಿಶುನಾಳಕ್ಕೆ ಹೋದಾಗ ತಂದದ್ದು. ತತ್ವಪದ ಹಾಡುವವರ ಕೈಯಲ್ಲಿ ನೋಡಿದ್ದರು. ಒಂದೇ ತಂತಿ, ಅದರಲ್ಲಿ ತಪ್ಪು ನುಡಿಸಲು ಜಾಗವೇ ಇಲ್ಲ. ಹಗುರ ಇರಬಹುದು ಅಂದುಕೊಂಡಿದ್ದರಂತೆ. ಅದೇ ಎಲ್ಲಕ್ಕಿಂತ ಭಾರ ಆಯಿತು. "ಇದು ಶ್ರುತಿ ಹಿಡದು ಕಾಯ್ತಿರ್ತದ. ನೀ ಯಾವಾಗ ಹಾಡ್ತಿ, ಯಾವಾಗ ಹಾಡ್ತಿ ಅಂತ. ಹೆದರಿಕಿ ಬರ್ತದ."

ಐದನೆಯದು ಹಾರ್ಮೋನಿಯಂ. ಹಳೆಯ ಪೇಟಿ, ಭಜನಾ ಮಂಡಳಿಯೊಂದರವರು ಮಾರಿದ್ದು, ಒಂಬತ್ತು ಸಾವಿರ. ಒಂದೆರಡು ರೀಡು ಕಿರುಗುಡುತ್ತಿತ್ತು. ಇದರ ಬಗ್ಗೆ ಅವರು ಹೆಚ್ಚು ಹೇಳಲಿಲ್ಲ. ಎಡಗೈಯಲ್ಲಿ ತಿದಿ ಒತ್ತಿ, ಬಲಗೈಯಲ್ಲಿ ಒಂದು ಮನೆ ಹಿಡಿದು ಸುಮ್ಮನೆ ಕೂತರು. ಗಾಳಿ ತುಂಬುವುದು, ಬಿಡುವುದು. ಎರಡು ನಿಮಿಷ ಇರಬಹುದು. "ದಿನಾ ಇಷ್ಟ ಮಾಡೋದ್ರಿ. ರಾಗ ಗೀಗ ಏನಿಲ್ಲ."

ಆರನೆಯದು ಹ್ಯಾಂಡ್‌ಪ್ಯಾನ್. ಸ್ವಿಟ್ಜರ್ಲೆಂಡಿನ ಬರ್ನ್ ಊರಿನಲ್ಲಿ 2000ದ ಸುಮಾರಿಗೆ ಹುಟ್ಟಿದ ವಾದ್ಯದ ಸಂತತಿ. ಎರಡು ಉಕ್ಕಿನ ಬಾಣಲೆ ಮುಖಕ್ಕೆ ಮುಖ ಇಟ್ಟು ಬೆಸೆದ ಹಾಗೆ ಇರುತ್ತದೆ. ತಂದೆ ಹೇಳಿದ ನಲವತ್ತೈದು ಸಾವಿರ ಇದಕ್ಕೇ. ಅದು ಯಾಕೆ ಬರಲಿಲ್ಲ ಎಂದರೆ, ಪೆಟ್ಟಿಗೆಯನ್ನೇ ಇನ್ನೂ ತೆರೆದಿರಲಿಲ್ಲ. ಬಂದು ಮೂರು ವಾರ ಆಗಿತ್ತು. ಆರ್ಡರ್ ಮಾಡಿದ್ದು ಯಾವಾಗ ಎಂದು ಕೇಳಿದೆ. ರಾತ್ರಿ ಎರಡು ಗಂಟೆಗೆ. ಯಾವ ದಿನ? ತಮ್ಮನ ಹುಟ್ಟುಹಬ್ಬದ ದಿನ.

ನನ್ನ ಚೀಟಿ ತಪ್ಪು ಅಂತ ಇಲ್ಲಿ ಗೊತ್ತಾಯಿತು. ಆರನ್ನೂ ಒಂದೇ ಕಂತೆ ಕಟ್ಟಿದ್ದೆ. ಐದನ್ನು ಅವರು ತೆರೆದಿದ್ದರು, ನುಡಿಸಿದ್ದರು, ಯಾಕೆ ಬೇಡ ಎನ್ನುವುದಕ್ಕೆ ಒಂದೊಂದಕ್ಕೂ ಕಾರಣ ಇತ್ತು. ಅದು ಹುಡುಕಾಟ. ತಮ್ಮನ ಕುರ್ಚಿ ಖಾಲಿ ಕಾಣದಂಥ ಒಂದು ಜಾಗ ಬೇಕಾಗಿತ್ತು ಅವರಿಗೆ. ಆರನೆಯದು ಮಾತ್ರ ಒಂದು ಕೆಟ್ಟ ರಾತ್ರಿಯ ಸಂಕಟ. ಈಗ ಇಂಥ ಪ್ರಕರಣ ಬಂದರೆ ಎಷ್ಟು ಕೊಂಡಿರಿ ಎಂದು ನಾನು ಕೇಳುವುದಿಲ್ಲ. ಪೆಟ್ಟಿಗೆ ತೆರೆದಿರಾ, ತೆರೆದು ಏನು ಮಾಡಿದಿರಿ ಎಂದು ಕೇಳುತ್ತೇನೆ.

ದುಡ್ಡಿನ ಸಲಹೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಹ್ಯಾಂಡ್‌ಪ್ಯಾನ್ ಮಾರಿಬಿಡಿ ಎಂದೆ. ಗೋವಾದ ಯೋಗ ಟೀಚರ್ ಒಬ್ಬರು ತೆಗೆದುಕೊಂಡರು, ಆರು ಸಾವಿರ ನಷ್ಟ. ಫೋನಿನಿಂದ ಕಾರ್ಡ್ ವಿವರ ಅಳಿಸುವುದು, ರಾತ್ರಿ ಹತ್ತರ ಮೇಲೆ ಏನನ್ನೂ ಆರ್ಡರ್ ಮಾಡದಿರುವುದು. ಹುಟ್ಟುಹಬ್ಬ, ತಿಥಿ, ರಾಖಿ, ಪಂಚಮಿ, ಇಂಥ ದಿನಗಳನ್ನು ಮೊದಲೇ ಕ್ಯಾಲೆಂಡರಿನಲ್ಲಿ ಗುರುತಿಸಿ ಆ ರಾತ್ರಿ ಗೆಳತಿಯೊಬ್ಬರು ಜೊತೆಗಿರುವಂತೆ ನೋಡಿಕೊಳ್ಳುವುದು. ನಮ್ಮ ಕಡೆ ನಾಗರ ಪಂಚಮಿ ಅಂದರೆ ಅಣ್ಣ ತಮ್ಮಂದಿರ ಹಬ್ಬ. ಆ ದಿನವನ್ನು ಪಟ್ಟಿಗೆ ಸೇರಿಸಿದ್ದು ನಾನಲ್ಲ, ನೀಲಾ.

ಜಾಸ್ತಿ ಹೊತ್ತು ಹಿಡಿದದ್ದು ಬೇರೆ ವಿಷಯ. ಎಂಟು ತಿಂಗಳಲ್ಲಿ ಇವರನ್ನು "ನೀನು ಹೇಗಿದ್ದೀಯ?" ಎಂದು ಕೇಳಿದವರು ಎಷ್ಟು ಜನ ಎಂದು ಕೇಳಿದೆ. ಬೆರಳು ಮಡಚಲು ಶುರು ಮಾಡಿ ಎರಡಕ್ಕೆ ನಿಲ್ಲಿಸಿದರು. ಬಂದವರೆಲ್ಲ ಕೇಳಿದ್ದು ಒಂದೇ: ಅವ್ವ ಹೆಂಗದಾಳ? ಅವ್ವನ್ನ ನೋಡ್ಕೋ. ಈಗ ನೀನ ಮಗಾ ಇದ್ದಂಗ. ಮಗ ಹೋದ ದುಃಖ ತಾಯಿತಂದೆಯದು, ಗಂಡ ಹೋದ ದುಃಖ ಹೆಂಡತಿಯದು. ಅಕ್ಕನ ದುಃಖಕ್ಕೆ ಮನೆಯಲ್ಲಿ ಚಾಪೆ ಹಾಸುವವರಿಲ್ಲ. ಊರು ಮನ್ನಣೆ ಕೊಡದ ಇಂಥ ದುಃಖದ ಬಗ್ಗೆ ಕೆನೆತ್ ಡೋಕಾ ಎಂಬುವರು 1989ರಲ್ಲೇ ಬರೆದಿದ್ದಾರೆ. ನನಗೆ ಅದನ್ನು ಓದಿ ಗೊತ್ತಿತ್ತು. ಆದರೂ ಮೊದಲ ದಿನ ಎಲ್ಲರ ಹಾಗೆ ನಾನೂ ವಾದ್ಯದ ಲೆಕ್ಕವನ್ನೇ ಕೇಳಿದ್ದೆ.

ಇದಕ್ಕಾಗಿ ತಂದೆಯನ್ನು ಒಬ್ಬರನ್ನೇ ಕರೆಸಿದೆ. ವಾದ್ಯದ ಮಾತು ಬಿಟ್ಟು ಮಗನ ಬಗ್ಗೆ ಹೇಳಿ ಎಂದೆ. ಐದು ನಿಮಿಷ ಅವನ ಬೈಕಿನ ಮೈಲೇಜ್ ಬಗ್ಗೆ ಮಾತಾಡಿದರು. ಆಮೇಲೆ ಕನ್ನಡಕ ತೆಗೆದರು. ಎದ್ದು ಹೋಗುವಾಗ ಅವರಿಗೆ ಕೊಟ್ಟ ಸಲಹೆ ಒಂದೇ: ದಿನಕ್ಕೊಮ್ಮೆ ಮಗಳನ್ನು ಊಟ ಆಯಿತಾ ಎಂದಲ್ಲ, ಇವತ್ತು ಹೇಗಿದ್ದಿ ಎಂದು ಕೇಳಿ. ಉತ್ತರಕ್ಕೆ ಕಾಯಿರಿ. ಬುದ್ಧಿಮಾತು ಬೇಡ.

ನೀಲಾ ಅವರ ಮನಸ್ಸಿನಲ್ಲಿ ಇನ್ನೊಂದು ಮುಳ್ಳಿತ್ತು. ಅದು ಹೊರಗೆ ಬಂದದ್ದು ಐದನೇ ಭೇಟಿಯಲ್ಲಿ. ತಾನು ಬೇರೆ ವಾದ್ಯದಲ್ಲಿ ಹೊಸ ಹಾಡು ಮಾಡಿದರೆ ತಮ್ಮನ ಜಾಗಕ್ಕೆ ಬೇರೆಯವರನ್ನು ಕೂರಿಸಿದ ಹಾಗೆ. ಮಾಡದಿದ್ದರೆ ಅವನ ಜೊತೆ ತಾನೂ ಮುಗಿದ ಹಾಗೆ. ಇದಕ್ಕೆ ನನ್ನ ಹತ್ತಿರ ಜಾಣ ಉತ್ತರ ಇರಲಿಲ್ಲ. ಸ್ಟ್ರೋಬ್ ಮತ್ತು ಶುಟ್ ಎಂಬ ಇಬ್ಬರು ಸಂಶೋಧಕರು 1999ರಲ್ಲಿ ಹೇಳಿದ ಒಂದು ವಿಷಯ ಮಾತ್ರ ನನಗೆ ಬಹಳ ಸಲ ಉಪಯೋಗಕ್ಕೆ ಬಂದಿದೆ. ಕಳೆದುಕೊಂಡವರು ಎರಡು ಕಡೆ ಓಡಾಡುತ್ತಾರೆ. ಒಮ್ಮೆ ದುಃಖದ ಕಡೆ, ಒಮ್ಮೆ ಬದುಕಿನ ಕಡೆ. ಎರಡೂ ಬೇಕು, ಓಡಾಟ ನಿಲ್ಲಬಾರದು. ಜೋಕಾಲಿ ಇದ್ದ ಹಾಗೆ ಎಂದೆ. ಪಂಚಮಿಗೆ ಜೋಕಾಲಿ ಕಟ್ಟುವ ಊರಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಕೊಟ್ಟ ಸಲಹೆ ಹೀಗಿತ್ತು. ಹಾರ್ಮೋನಿಯಂ ಒಂದನ್ನೇ ಮೂರು ವಾರ ಇಟ್ಟುಕೊಳ್ಳಿ, ಉಳಿದವು ಕಣ್ಣಿಗೆ ಬೀಳದ ಕಡೆ ಇರಲಿ. ದಿನಕ್ಕೆ ಇಪ್ಪತ್ತು ನಿಮಿಷ, ಒಂದೇ ಹೊತ್ತಿಗೆ. ಅಳು ಬಂದರೆ ತಿದಿ ಮುಚ್ಚಿ ಅತ್ತುಬಿಡಿ, ಆಮೇಲೆ ಉಳಿದ ನಿಮಿಷ ಮುಗಿಸಿ. ರೆಕಾರ್ಡ್ ಮಾಡಿ ಎಲ್ಲೂ ಹಾಕಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ಆ ದಿನ ಏನಾಯಿತು ಎಂದು ಎರಡು ಸಾಲು ಬರೆಯಿರಿ, ಹೇಗೆ ನುಡಿಸಿದಿರಿ ಎಂದು ಬರೆಯಬೇಡಿ. ಹಳೇ ಹಾಡು ಯಾವಾಗ ಎಂದು ಫೋನಿನಲ್ಲಿ ಕೇಳುವವರಿಗೆಲ್ಲ ಕಳಿಸಲು ಒಂದೇ ಉತ್ತರ ಬರೆದಿಟ್ಟುಕೊಂಡೆವು: "ಸದ್ಯ ಕಲೀತಿದ್ದೀನಿ, ಹಾಡುವಾಗ ಹೇಳ್ತೀನಿ." ಇದು ಸುಳ್ಳಲ್ಲ, ಒಳಗಿನ ಕಥೆಯನ್ನು ಬಿಚ್ಚಿಡುವುದೂ ಇಲ್ಲ.

ಮೊದಲ ವಾರದ ನೋಟ್‌ಬುಕ್ ಹೀಗಿತ್ತು: "ತಿದಿ ಒತ್ತಿದೆ. ಪಕ್ಕದ ಮನೆ ಕುಕ್ಕರ್ ಕೂಗಿತು. ಮುಗೀತು."

ಕಲಿಸುವವರು ಬೇಕು ಎನ್ನುವುದು ಅವರದೇ ಯೋಚನೆ. ಓಣಿಯಲ್ಲೇ ಒಬ್ಬ ಪೇಟಿ ಮಾಸ್ತರರು ಸಿಕ್ಕರು. ಹಿಂದೆ ನಾಟಕ ಕಂಪನಿಯಲ್ಲಿ ಕಾಲುಪೇಟಿ ನುಡಿಸಿದವರು, ಎಪ್ಪತ್ತು ದಾಟಿದ ವಯಸ್ಸು. ತಮ್ಮನ ವಿಷಯ ಅವರಿಗೆ ಗೊತ್ತಿತ್ತು, ಎಂದೂ ಎತ್ತಲಿಲ್ಲ. ಬೆರಳು ತಪ್ಪಿದರೆ ಬೈಯುತ್ತಿದ್ದರು. "ಎಂಟು ತಿಂಗಳಾದ ಮ್ಯಾಲ ಒಬ್ಬರು ನನ್ನ ಬೈದ್ರು ಮೇಡಂ," ಎಂದು ನೀಲಾ ಹೇಳಿದಾಗ ಅವರ ಮುಖದಲ್ಲಿ ನಗು ಇತ್ತು. ಎಲ್ಲರೂ ಗಾಜಿನ ಲೋಟದ ಹಾಗೆ ಹಿಡಿದುಕೊಂಡಾಗ ಬೈಸಿಕೊಳ್ಳುವುದೂ ಒಂದು ಔಷಧ.

ಮಾಸ್ತರರು ಇನ್ನೊಂದು ಕೆಲಸ ಮಾಡಿದರು. ನೀಲಾ ಮೊದಲು ಹಾಡುತ್ತಿದ್ದ ಶ್ರುತಿ ಕರಿ ನಾಲ್ಕು, ಅಂದರೆ ಪೇಟಿಯ ನಾಲ್ಕನೇ ಕಪ್ಪು ಮನೆ. ಈಗ ಧ್ವನಿ ಅಲ್ಲಿ ನಿಲ್ಲುತ್ತಿರಲಿಲ್ಲ. ತಮ್ಮನ ಗಿಟಾರಿಗೆ ಹೊಂದಿಸಿದ್ದ ಶ್ರುತಿ ಅದು, ಬಿಡಲು ಮನಸ್ಸಿಲ್ಲ. ಮಾಸ್ತರರು ಏನೂ ಹೇಳದೆ ಅದಕ್ಕಿಂತ ಕೆಳಗಿನ ಕರಿ ಮೂರು ಹಿಡಿದು "ಇಲ್ಲಿಂದ ಅನ್ನು" ಎಂದರಂತೆ. ನಾನು ಇದನ್ನು ಹೇಳಿದ್ದರೆ ಒಂದು ಗಂಟೆ ಭಾಷಣ ಆಗುತ್ತಿತ್ತು.

ಹಾರ್ಮೋನಿಯಂ ಬಗ್ಗೆ ನಾನೂ ಅಷ್ಟಿಷ್ಟು ಓದಿಕೊಂಡೆ. ಯುರೋಪಿನಿಂದ ಬಂದ ಕಾಲು ತುಳಿಯುವ ಪೆಟ್ಟಿಗೆ, ಕೈಯಲ್ಲಿ ತಿದಿ ಒತ್ತುವ ಈಗಿನ ರೂಪ ಪಡೆದದ್ದು 1870ರ ದಶಕದ ಕೋಲ್ಕತ್ತಾದಲ್ಲಿ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಬರುವುದಿಲ್ಲ, ನಮ್ಮ ಸಂಗೀತಕ್ಕೆ ಒಗ್ಗದು ಎಂದು 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನು ಹೊರಗಿಟ್ಟಿತು. 1971ರ ಹೊತ್ತಿಗೆ ಬಾಗಿಲು ಸ್ವಲ್ಪ ತೆರೆಯಿತು. ಇದನ್ನು ಹೇಳಿದಾಗ ನೀಲಾ ಪೇಟಿಯ ಮುಚ್ಚಳ ತಟ್ಟಿ, "ಮೂವತ್ತು ವರ್ಷ ಹೊರಗ ಕೂತಿತ್ತೇನ್ರಿ ಇದು? ಹಂಗಾರ ನಂದು ಒಂದು ವರ್ಷ ಏನ್ ಮಹಾ," ಎಂದರು. ರಾಜೀವ ತಾರಾನಾಥರ ಕಥೆ ಮಾಡದ ಕೆಲಸವನ್ನು ಇದು ಮಾಡಿತು. ಯಾವ ಕಥೆ ಯಾರಿಗೆ ತಾಗುತ್ತದೆ ಎನ್ನುವುದು ಇಷ್ಟು ವರ್ಷ ಆದರೂ ನನಗೆ ಮೊದಲೇ ತಿಳಿಯುವುದಿಲ್ಲ.

ಗಿಟಾರ್ ಮಂಚದ ಕೆಳಗೆ ಪೆಟ್ಟಿಗೆಯಲ್ಲೇ ಇತ್ತು. ತಾಯಿ ದಿನಾ ಮೇಲಿನ ಧೂಳು ಒರೆಸುತ್ತಿದ್ದರು, ಯಾರೂ ತೆರೆದಿರಲಿಲ್ಲ. ನಾನು ಆ ವಿಷಯ ಎತ್ತಲಿಲ್ಲ. ತಿಥಿ ಆದ ಮೇಲೆ ಅವರೇ ಎತ್ತಿದರು. ಗೆಳೆಯನೊಬ್ಬ, ಇಷ್ಟು ದಿನ ಬಿಗಿ ಬಿಟ್ಟರೆ ಕುತ್ತಿಗೆ ಬಾಗುತ್ತದೆ, ತಂತಿ ಸಡಿಲಿಸು ಎಂದಿದ್ದನಂತೆ. ತಾಯಿಯ ಜೊತೆ ಕೂತು ತೆರೆದರು. ತಂತಿ ತುಕ್ಕು ಹಿಡಿದಿತ್ತು, ಶ್ರುತಿ ಸ್ವಲ್ಪ ಇಳಿದಿತ್ತು. ಆದರೂ ಮೀಟಿದ ಕೂಡಲೇ ಗೊತ್ತಾಯಿತು. ತಮ್ಮನಿಗೆ ದಪ್ಪ ತಂತಿಯನ್ನು ಮಾತ್ರ ಮಾಮೂಲಿಗಿಂತ ಒಂದು ಮೆಟ್ಟಿಲು ಇಳಿಸಿ ಇಟ್ಟುಕೊಳ್ಳುವ ಅಭ್ಯಾಸ. ಅದು ಹಾಗೇ ಇತ್ತು. ಸಡಿಲಿಸಿದರೆ ಅವನ ಕೈ ಕೊನೆಗೆ ಮಾಡಿದ ಕೆಲಸ ಅಳಿಸಿಹೋಗುತ್ತದೆ.

ಏನು ಮಾಡಲಿ ಎಂದು ಅವತ್ತೇ ಫೋನ್ ಮಾಡಿದರು. ಇವತ್ತೇ ತೀರ್ಮಾನ ಮಾಡಬೇಕಾಗಿಲ್ಲ ಎಂದೆ. ಆರೂ ತಂತಿಯನ್ನು ಒಂದೊಂದಾಗಿ ಮೀಟಿ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಆಮೇಲೆ ಸಡಿಲಿಸುವುದೋ ಬಿಡುವುದೋ ಯೋಚಿಸಿದರೆ ಆಯಿತು. ಗಿಟಾರಿನ ಕುತ್ತಿಗೆ ಬಾಗಿದರೆ ರಿಪೇರಿ ಮಾಡುವವರು ಇದ್ದಾರೆ. ರೆಕಾರ್ಡ್ ಮಾಡಿದರು. ತಾಯಿ ಅದನ್ನು ತಮ್ಮದೇ ಫೋನಿಗೂ ಹಾಕಿಸಿಕೊಂಡರು. ತಂತಿಯನ್ನು ಸಡಿಲಿಸಿದರೋ ಇಲ್ಲವೋ ನಾನು ಕೇಳಿಲ್ಲ, ಅವರೂ ಹೇಳಿಲ್ಲ.

ಒಟ್ಟು ಹದಿಮೂರು ಭೇಟಿ ಆಯಿತು. ಕೊನೆಯದಕ್ಕೆ ಪೇಟಿ ತಂದಿದ್ದರು. ಕರಿ ಮೂರರಲ್ಲಿ ಒಂದು ರಾಗ ನುಡಿಸಿದರು, ನಾಲ್ಕು ಸಾಲು ಹಿಡಿಸುವಷ್ಟು. ಜೊತೆಗೆ ಗುನುಗಿದರು, ಪದ ಇರಲಿಲ್ಲ. ಮೊದಲೆಲ್ಲ ಇವರು ಪದ ಬರೆದು ಕೊಟ್ಟ ಮೇಲೆ ತಮ್ಮ ರಾಗ ಹಾಕುತ್ತಿದ್ದದ್ದು. ಈ ಸಲ ರಾಗ ಮೊದಲು ಬಂದಿದೆ.

"ಪದ?" ಎಂದೆ.

"ಬಂದಿಲ್ರಿ ಇನ್ನ."

"ಅವಸರ ಇಲ್ಲ ಅಲ್ವಾ?"

"ಇಲ್ರಿ. ಮುಂದಿನ ತಿಂಗಳು ಮಾಸ್ತರ್ ಊರಾಗ ಇರಂಗಿಲ್ಲ, ಮಗಳ ಮನಿಗೆ ಹೊಂಟಾರ. ಅಷ್ಟರಾಗ ಅಂತರಾ, ಹಾಡಿನ ಎರಡನೇ ಭಾಗ, ಆದ್ರ ಸಾಕು."